ಒಬ್ಬರಿಗಷ್ಟೇ ಹೇಳಿದ ಮಾತು

ಮೊದಲ ದಿನ ಹಂಚಿದ ಪ್ರಶ್ನಾವಳಿಗಳನ್ನು ವಾಪಸು ಪಡೆದು ನೋಡಿದರೆ ಎಲ್ಲರೂ ಒಂದೇ ಉತ್ತರ ಬರೆದಿದ್ದರು. ‘ನನ್ನ ಬದುಕಿಗೆ ಅರ್ಥವಿದೆ’ ಎಂಬ ವಾಕ್ಯದ ಮುಂದೆ ‘ಪೂರ್ತಿ ಒಪ್ಪುತ್ತೇನೆ’. ‘ಕಷ್ಟದ ಹೊತ್ತಿನಲ್ಲಿ ದೇವರು ನನ್ನ ಜೊತೆಗಿರುತ್ತಾನೆ’ ಎಂಬುದಕ್ಕೂ ಅದೇ. ‘ವೈದ್ಯರ ಮಾತು ತಿಳಿಯದಿದ್ದರೆ ಮತ್ತೊಮ್ಮೆ ಕೇಳುತ್ತೇನೆ’ ಎಂಬುದಕ್ಕೂ ಅದೇ. ಒಬ್ಬ ವಿದ್ಯಾರ್ಥಿಯಂತೂ ವಯಸ್ಸು ಕೇಳಿದ ಜಾಗದಲ್ಲೂ ‘ಪೂರ್ತಿ ಒಪ್ಪುತ್ತೇನೆ’ ಎಂದು ಬರೆದಿದ್ದ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಅವರು ಬರೆಯುವಷ್ಟು ಹೊತ್ತೂ ಮಠದ ವ್ಯವಸ್ಥಾಪಕರು ಕಂಬಕ್ಕೆ ಒರಗಿ ನಿಂತಿದ್ದರು. ‘ಛಲೋ ಬರೀರಿ, ಮಠದ ಹೆಸರ ಕೆಡಿಸಬ್ಯಾಡ್ರಿ’ ಎಂದು ನಡುನಡುವೆ ಹೇಳುತ್ತಿದ್ದರು.

ನಾನು ಜಮಖಂಡಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಕಲಿಸುತ್ತೇನೆ. ಸಂಶೋಧನೆಗೆಂದು ಆರಿಸಿಕೊಂಡ ವಿಷಯ, ಧಾರ್ಮಿಕ ಶಿಕ್ಷಣ ಪಡೆಯುವ ವಿದ್ಯಾರ್ಥಿಗಳ ಒಳಗಿನ ನೆಮ್ಮದಿಗೂ ಆರೋಗ್ಯದ ಮಾಹಿತಿಯನ್ನು ಅವರು ಅರ್ಥ ಮಾಡಿಕೊಂಡು ಬಳಸುವ ರೀತಿಗೂ ನಂಟಿದೆಯೇ ಎಂಬುದು. ನಮ್ಮ ಭಾಗದ ಹಳ್ಳಿಗಳಲ್ಲಿ ಮೈಗೆ ಹುಷಾರಿಲ್ಲದವರು ಆಸ್ಪತ್ರೆಯ ಬಾಗಿಲಿಗೆ ಹೋಗುವ ಮೊದಲು ಪುರಾಣ ಹೇಳುವವರನ್ನೋ ಪೂಜಾರಿಗಳನ್ನೋ ಒಂದು ಮಾತು ಕೇಳುತ್ತಾರೆ. ಹಾಗೆ ಕೇಳಿಸಿಕೊಳ್ಳಲಿರುವ ಯುವಕರಿಗೆ ಏನು ಗೊತ್ತಿದೆ ಎಂದು ತಿಳಿಯುವುದು ಉಪಯೋಗದ ಕೆಲಸ ಎಂದುಕೊಂಡಿದ್ದೆ. ನನ್ನ ಮಾರ್ಗದರ್ಶಕರು ನಮ್ಮದೇ ಕಾಲೇಜಿನ ಹಿರಿಯ ಪ್ರಾಧ್ಯಾಪಕಿ. ನಾನು ನರ್ಸಿಂಗ್ ಓದಿದ್ದೂ ಅವರ ಕೈಯಲ್ಲೇ. ರೋಗಿಯ ಮಾತನ್ನು ರೋಗಿಯ ಅಪ್ಪಣೆಯಿಲ್ಲದೆ ಮೂರನೆಯವರ ಕಿವಿಗೆ ಹಾಕಬಾರದು ಎಂದು ನನಗೆ ಮೊಟ್ಟಮೊದಲು ಕಲಿಸಿದವರು ಅವರು.

ಮಠ ಇರುವುದು ಮುಧೋಳ ತಾಲ್ಲೂಕಿನ ಒಂದು ಊರಲ್ಲಿ. ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ, ಸಂಗೀತ, ಪ್ರವಚನ ಕಲಿಸುತ್ತಾರೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯವರು, ಮುಧೋಳ ಕಡೆಯ ರೈತರ ಮಕ್ಕಳು, ಬೀಳಗಿ ಕಡೆಯಿಂದ ಬಂದ, ಬೀರೇಶ್ವರನ ಪೂಜೆಯ ಮನೆತನದ ಕುರುಬರ ಹುಡುಗರು, ಎಲ್ಲರೂ ಇದ್ದರು. ಹದಿನೆಂಟು ದಾಟಿದವರನ್ನು ಮಾತ್ರ ನಾನು ಮಾತಾಡಿಸಬೇಕಿತ್ತು.

ಆ ಪ್ರಶ್ನಾವಳಿಗಳನ್ನು ಬದಿಗಿಟ್ಟು ಕ್ರಮವನ್ನೇ ಬದಲಿಸಿದೆ. ಮಠದ ಹಿರಿಯ ಸ್ವಾಮಿಗಳನ್ನು ಕಂಡು, ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಮಾತಾಡಲು ಅಪ್ಪಣೆ ಕೇಳಿದೆ. ಅವರು ಒಪ್ಪಿದರು. ಹೆಣ್ಣುಮಗಳು ಎಂಬ ಕಾರಣಕ್ಕೆ ಕೆಲವು ಕಟ್ಟಳೆಗಳನ್ನು ಹಾಕಿದರು. ಬೆಳಗಿನ ಪೂಜೆ ಮುಗಿದ ಮೇಲೆ ಬರಬೇಕು, ಸಂಜೆಯ ಪೂಜೆಗೆ ಮುಂಚೆ ಹೊರಡಬೇಕು, ಎಲ್ಲರಿಗೂ ಕಾಣುವ ಹಾಗೆ ಹೊರಗಿನ ಪಡಸಾಲೆಯಲ್ಲೇ ಕೂರಬೇಕು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಕಾಣಬೇಕು, ಕೇಳಬಾರದು, ಅಷ್ಟಾದರೆ ನನ್ನ ಕೆಲಸ ನಡೆಯುತ್ತಿತ್ತು. ಪಡಸಾಲೆಯ ಆಚೆ ತುದಿಯಲ್ಲಿ ಚಾಪೆ ಹಾಸಿದೆ.

ಪುಸ್ತಕದ ಭಾಷೆಯನ್ನೂ ಬಿಟ್ಟೆ. ಚೀಲದಲ್ಲಿ ಗುಳಿಗೆಯ ಖಾಲಿ ಹಾಳೆಗಳು, ಓಆರ್‌ಎಸ್ ಪೊಟ್ಟಣ, ಅವಧಿ ಮುಗಿದ ಒಂದು ಕೆಮ್ಮಿನ ಔಷಧದ ಬಾಟಲಿ ಇಟ್ಟುಕೊಂಡು ಹೋಗುತ್ತಿದ್ದೆ. ಬಾಟಲಿ ಕೈಗೆ ಕೊಟ್ಟು, ‘ಇದನ್ನ ಕುಡೀಬಹುದೋ ಬ್ಯಾಡೋ ಹೇಳು ತಮ್ಮಾ’ ಎನ್ನುತ್ತಿದ್ದೆ. ಪೊಟ್ಟಣದ ಬಗ್ಗೆ ನಾನು ವಿವರಿಸಿದ ಮೇಲೆ, ‘ಈಗ ನಿಮ್ಮವ್ವಗ ಹೇಳಿದಂಗ ನನಗ ಹೇಳು’ ಎನ್ನುತ್ತಿದ್ದೆ. ಹೇಳಿ ತೋರಿಸಿದಾಗಲೇ ತಿಳಿದದ್ದೆಷ್ಟು, ತಲೆಯಾಡಿಸಿದ್ದೆಷ್ಟು ಎಂದು ಗೊತ್ತಾಗುವುದು. ಆಮೇಲೆ ದೇವರು, ಬದುಕು, ಭಯ, ನೆಮ್ಮದಿ ಇವುಗಳ ಮಾತು. ಶುರು ಮಾಡುವ ಮೊದಲು ಪ್ರತಿಯೊಬ್ಬನಿಗೂ ಒಂದು ಮಾತನ್ನು ಓದಿ ಹೇಳುತ್ತಿದ್ದೆ: ‘ನೀವು ಹೇಳಿದ್ದು ನಿಮ್ಮ ಹೆಸರಿನೊಂದಿಗೆ ಎಲ್ಲಿಗೂ ಹೋಗುವುದಿಲ್ಲ.’

ನಿಧಾನಕ್ಕೆ ಬಾಯಿಗಳು ಬಿಚ್ಚಿಕೊಂಡವು. ತೊಡೆಯ ಸಂದಿಯ ಗಜಕರ್ಣಕ್ಕೆ ವರ್ಷದಿಂದ ವಿಭೂತಿ ಬಳಿಯುತ್ತಿದ್ದವನು, ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ ಎಂದ. ಉಪವಾಸದ ದಿನ ತಲೆ ಸುತ್ತಿದರೆ ಭಕ್ತಿ ಕಡಿಮೆಯಾಯಿತೆಂದು ಹೆದರುವವನೊಬ್ಬನಿದ್ದ. ಬೀಳಗಿ ಕಡೆಯ ಒಬ್ಬ ವಿದ್ಯಾರ್ಥಿ ಕುರಿಗೆ ಬೇನೆ ಬಂದರೆ ಏನು ಮಾಡಬೇಕೆಂದು ಚೆನ್ನಾಗಿ ಬಲ್ಲವನು. ತನಗೆ ಜ್ವರ ಬಂದರೆ ಮಾತ್ರ, ‘ಅಜ್ಜಾರು ಏನ್ ಅಂತಾರೋ’ ಎಂದು ಮುಸುಕು ಹಾಕಿ ಮಲಗುತ್ತಿದ್ದ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಾರೆ. ಕೇಳುತ್ತ ಹೋದಂತೆ ನನಗೆ ಒಂದು ವಿಷಯ ಕಾಣತೊಡಗಿತು. ಯಾರ ಭಕ್ತಿಯಲ್ಲಿ ಹೆದರಿಕೆ ಹೆಚ್ಚಿತ್ತೋ ಅವರು ಮೈಯ ಬಗ್ಗೆ ಏನನ್ನೂ ಕೇಳುತ್ತಿರಲಿಲ್ಲ. ದೇವರ ಬಗ್ಗೆ ನಿರಾಳವಾಗಿ ಮಾತಾಡುವವರು ಗುಳಿಗೆಯ ಬಗ್ಗೆಯೂ ನಿರಾಳವಾಗಿ ಕೇಳುತ್ತಿದ್ದರು.

ಎಲ್ಲರಿಗೂ ಕೇಳುವ ಒಂದು ಪ್ರಶ್ನೆಯಿತ್ತು. ಯಾರಾದರೂ ಫಿಟ್ಸ್ ಬಂದು ಬಿದ್ದರೆ ಏನು ಮಾಡುತ್ತೀರಿ? ‘ಕೈಯಾಗ ಕೀಲಿ ಕೊಡ್ತೇವ್ರಿ’, ‘ಉಳ್ಳಾಗಡ್ಡಿ ಮೂಸಸ್ತೇವ್ರಿ’, ಇವೇ ಉತ್ತರಗಳು. ಬನಹಟ್ಟಿಯ ನೇಕಾರರ ಮಗನೊಬ್ಬ ಮಾತ್ರ ಬೇರೆ ಹೇಳಿದ. ಪಾಠಶಾಲೆಯಲ್ಲಿ ಅವನ ದನಿಗೆ ಹೆಸರಿತ್ತು. ಆ ಶ್ರಾವಣದಲ್ಲಿ ಲೋಕಾಪುರದ ಹತ್ತಿರದ ಹಳ್ಳಿಯೊಂದಕ್ಕೆ ತಿಂಗಳ ಪುರಾಣ ಹೇಳಲು ಸ್ವಾಮಿಗಳು ಅವನನ್ನೇ ಆರಿಸಿದ್ದರು. ಅಷ್ಟು ಚಿಕ್ಕವನಿಗೆ ಪುರಾಣದ ಪೀಠ ಸಿಕ್ಕಿದ್ದು ಮಠದಲ್ಲಿ ದೊಡ್ಡ ಸುದ್ದಿಯಾಗಿತ್ತು.

‘ಸುತ್ತ ಇದ್ದ ಬಡಿಯೂ ಸಾಮಾನ ಮೊದಲ ಸರಸ್ತೇನ್ರಿ ಅಕ್ಕಾರ. ಮಗ್ಗಲಾ ಹೊಳ್ಳಸ್ತೇನಿ. ಬಾಯಾಗ ಏನೂ ತುರುಕೂದಿಲ್ಲ, ಗಟ್ಟಿ ಹಿಡಿಯೂದಿಲ್ಲ. ಐದ ಮಿನಿಟದಾಗ ನಿಲ್ಲಲಿಲ್ಲಂದ್ರ ಗಾಡಿ ತರಸ್ತೇನಿ’ ಎಂದ. ಸ್ವಲ್ಪ ತಡೆದು ಸೇರಿಸಿದ, ‘ಎಚ್ಚರಾದ ಮ್ಯಾಲೆ ಅವರಿಗೆ ಭಾಳ ನಾಚಿಕಿ ಆಗತೈತ್ರಿ. ಅದಕ್ಕ ಸುತ್ತ ನಿಂತ ಮಂದಿನ್ನ ದೂರ ಕಳಸ್ತೇನಿ.’

‘ಈ ಕಡೀ ಮಾತು ಯಾವ ಪುಸ್ತಕದಾಗೂ ಇಲ್ಲ, ತಮ್ಮಾ’ ಎಂದೆ.

ಅವನು ಅಂಗಳದ ಕಡೆ ನೋಡಿದ. ಯಾರೂ ಹತ್ತಿರವಿರಲಿಲ್ಲ.

‘ನೀವು ಓದಿ ಹೇಳಿದ್ರೆಲ್ರಿ, ಹೆಸರಿನ ಕೂಡ ಎಲ್ಲೂ ಹೋಗೂದಿಲ್ಲಂತ. ಖರೇನ್ರಿ?’

‘ಖರೆ.’

‘ನನಗ ಫಿಟ್ಸ್ ಐತ್ರಿ. ಸಣ್ಣವ ಇದ್ದಾಗಿಂದ.’

ಒಮ್ಮೆ ಶುರುವಾದ ಮೇಲೆ ಅವನು ನಿಲ್ಲಿಸಲಿಲ್ಲ. ದಿನಕ್ಕೆರಡು ಗುಳಿಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ಉಪವಾಸವಿದ್ದರೂ ಹಾಲಿನ ಜೊತೆ ತೆಗೆದುಕೊಳ್ಳುತ್ತಾನೆ. ನಿದ್ದೆಗೆಡಬಾರದು ಎಂದು ಗೊತ್ತು. ವರ್ಷಗಳಿಂದ ಒಮ್ಮೆಯೂ ಬಂದಿಲ್ಲ. ಮಠದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಪೀಠದ ಮೇಲೆ ಕೂರಿಸುವುದಿಲ್ಲ, ಮೂರ್ಛೆ ಬರುವವನ ಬಾಯಿಂದ ಪುರಾಣ ಕೇಳುವುದು ಅಶುಭ ಎನ್ನುವ ಜನ ಇದ್ದಾರೆ.

‘ಗುಳಿಗಿ ತಗೊಂಡ್ರ ದೇವರ ಮ್ಯಾಲಿನ ನಂಬಿಕಿ ಕಡಿಮಿ ಅಂತ ನಿನಗ ಅನಸೂದಿಲ್ಲೇನು?’ ಎಂದು ಕೇಳಿದೆ.

ಅವನು ನಕ್ಕ. ‘ಮಗ್ಗದಾಗ ಎಳಿ ಹರದ್ರ ದೇವರು ಸಿಟ್ಟಾಗ್ಯಾನ ಅಂತ ನಮ್ಮಪ್ಪ ಕೈಕಟ್ಟಿ ಕುಂದರತಾನೇನ್ರಿ? ಗಂಟ ಹಾಕಿ ಮುಂದ ನೇಯ್ತಾನ.’

ಕಷ್ಟದ ಹೊತ್ತಿನಲ್ಲಿ ದೇವರು ಜೊತೆಗಿರುತ್ತಾನೆಯೇ ಎಂಬ ಪ್ರಶ್ನೆಗೆ ಅವನು ಸ್ವಲ್ಪ ಯೋಚಿಸಿ ಹೇಳಿದ್ದು ನನಗೆ ಮಾತಿಗೆ ಮಾತು ನೆನಪಿದೆ. ‘ಎಚ್ಚರ ಇದ್ದಾಗ ಅದಾನಂತ ಗೊತ್ತಾಗತೈತ್ರಿ. ಎಚ್ಚರ ತಪ್ಪಿದಾಗ ಇದ್ದನೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು? ಆದ್ರ ಪ್ರತಿ ಸಲ ವಾಪಸ್ ಬಂದೇನಿ. ಅಂದಮ್ಯಾಲೆ ಇರಬೇಕ್ರಿ.’

ಆದರೆ ಒಂದು ಅಪಾಯ ಎದುರಿಗಿತ್ತು. ಪ್ರತಿ ತಿಂಗಳು ಊರಿಗೆ ಹೋಗುವ ನೆವದಲ್ಲಿ ಜಮಖಂಡಿಯಿಂದ ಗುಳಿಗೆ ತರುತ್ತಿದ್ದ. ಪುರಾಣದ ತಯಾರಿ ಎಂದು ವ್ಯವಸ್ಥಾಪಕರು ರಜೆ ನಿಲ್ಲಿಸಿದ್ದರು. ತಂದೆ ತಂದುಕೊಡಬಹುದಿತ್ತು, ಆದರೆ ಮಠಕ್ಕೆ ಬಂದವರ ಚೀಲವನ್ನು ಬಾಗಿಲಲ್ಲೇ ತೆರೆದು ನೋಡುತ್ತಿದ್ದರು. ಇದ್ದದ್ದು ಮುಗಿಯದಿರಲೆಂದು ಅವನು ದಿನಕ್ಕೆ ಒಂದೇ ಗುಳಿಗೆ ತೆಗೆದುಕೊಳ್ಳುತ್ತಿದ್ದ. ಅದು ತಪ್ಪೆಂದು ಅವನಿಗೂ ಗೊತ್ತಿತ್ತು.

ನಮ್ಮ ಕೆಲಸದ ನಿಯಮದ ಪ್ರಕಾರ ಚಿಕಿತ್ಸೆಯ ಅಗತ್ಯವಿರುವವರು ಕಂಡರೆ ಮಾರ್ಗದರ್ಶಕರಿಗೆ ತಿಳಿಸಬೇಕು, ಅವರು ವೈದ್ಯರಿಗೆ ತೋರಿಸುತ್ತಾರೆ. ಅದಕ್ಕೂ ಅವನ ಅಪ್ಪಣೆ ಬೇಕಿತ್ತು.

‘ನಮ್ಮ ಮೇಡಂ ಒಬ್ಬರಿಗೆ ಹೇಳ್ತೇನಿ, ತಮ್ಮಾ. ಅವರು ಡಾಕ್ಟರ ಕಡಿಂದ ಗುಳಿಗಿ ಕೊಡಸ್ತಾರ.’

‘ಅವರನ್ನ ನೀವು ನಂಬ್ತೀರೇನ್ರಿ?’

‘ನಂಬ್ತೇನಿ.’

‘ಹಂಗಾದ್ರ ಹೇಳ್ರಿ’ ಎಂದ.

ಜಮಖಂಡಿಗೆ ಬಂದವಳು ಮನೆಗೆ ಹೋಗದೆ ನೇರ ಅವರ ಕೋಣೆಗೆ ಹೋದೆ. ಮೊದಲು ಹೆಸರು ಹೇಳಲಿಲ್ಲ. ‘ಹೆಸರಿಲ್ಲದ ಮನಶ್ಯಾಗ ಡಾಕ್ಟರ ಚೀಟಿ ಹೆಂಗ ಬರೀಬೇಕವಾ?’ ಎಂದರು. ಸರಿಯಾದ ಮಾತು. ಹೆಸರು ಹೇಳಿದೆ. ಇದು ಮಠದವರ ಕಿವಿಗೆ ಬೀಳಬಾರದು ಎಂದೂ ಹೇಳಿದೆ. ‘ಇದನ್ನ ನನಗ ನೀ ಕಲಸ್ತೀಯೇನು?’ ಎಂದು ನಕ್ಕರು. ತಮಗೆ ಪರಿಚಯದ ವೈದ್ಯರಿಗೆ ಫೋನ್ ಮಾಡಿ, ಅವನ ತಂದೆಯಿಂದ ಹಳೆಯ ಚೀಟಿ ತರಿಸಿ, ಎರಡು ತಿಂಗಳಿಗಾಗುವಷ್ಟು ಗುಳಿಗೆ ನನ್ನ ಕೈಗೆ ಬರುವ ಹಾಗೆ ಮಾಡಿದರು. ಅಷ್ಟು ಬೇಗ ಇನ್ಯಾರೂ ಮಾಡಿಕೊಡುತ್ತಿರಲಿಲ್ಲ. ಓಆರ್‌ಎಸ್ ಪೊಟ್ಟಣಗಳ ಕೆಳಗಿಟ್ಟು ಒಯ್ದುಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಶ್ರಾವಣಕ್ಕೆ ಸ್ವಲ್ಪ ಮುಂಚೆ ಪ್ರಾಧ್ಯಾಪಕಿಯವರೂ ನನ್ನ ಜೊತೆ ಮಠಕ್ಕೆ ಬಂದರು. ಸ್ವಾಮಿಗಳು ಶಾಲು ಹೊದಿಸಿ ಆಶೀರ್ವಾದ ಮಾಡಿದರು. ನಾನು ಪಡಸಾಲೆಯಲ್ಲಿ ಬೀಳಗಿಯ ವಿದ್ಯಾರ್ಥಿಯೊಡನೆ ಮಾತು ಮುಗಿಸುತ್ತಿದ್ದೆ. ಅವರು ವ್ಯವಸ್ಥಾಪಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಬಾಗಿಲು ತೆರೆದೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಘಟಪ್ರಭೆಯ ನೀರು ಏರಿದ್ದರ ಬಗ್ಗೆ ಮಾತಾಡಿದೆವು. ನನ್ನ ಕೆಲಸ ಚೆನ್ನಾಗಿ ಬರುತ್ತಿದೆ ಎಂದರು.

ಮುಂದಿನ ಸಲ ಹೋದಾಗ ಬನಹಟ್ಟಿಯ ವಿದ್ಯಾರ್ಥಿ ಕಾಣಲಿಲ್ಲ. ಬೀಳಗಿಯವನನ್ನು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

‘ಊರಿಗೆ ಹ್ವಾದನ್ರಿ. ಕಳಿಸಿದ್ರು.’

‘ಯಾಕ?’

‘ನಿಮಗ ಗೊತ್ತಿರಬೇಕಲ್ರಿ’ ಎಂದು ಎದ್ದುಹೋದ.

ವ್ಯವಸ್ಥಾಪಕರ ಕೋಣೆಗೆ ಹೋದೆ. ಅವರು ಕುರ್ಚಿಯಿಂದ ಎದ್ದು ಕೈಮುಗಿದರು. ಅಷ್ಟು ದಿನಗಳಲ್ಲಿ ಒಮ್ಮೆಯೂ ನನಗೆ ಅಷ್ಟು ಮರ್ಯಾದೆ ಕೊಟ್ಟವರಲ್ಲ.

‘ನಿಮ್ಮಿಂದ ಭಾಳ ಉಪಕಾರ ಆತ್ರಿ ಬಾಯಾರ. ನಿಮ್ಮ ಮೇಡಂ ಹೇಳಲಿಲ್ಲಂದ್ರ ನಮಗೇನ ಗೊತ್ತಾಗತಿತ್ತು? ತುಂಬಿದ ಮಂದ್ಯಾಗ ಪೀಠದ ಮ್ಯಾಲಿಂದ ಬಿದ್ದಿದ್ದಂದ್ರ ಮಠದ ಮರ್ಯಾದಿ ಏನ್ ಉಳೀತಿತ್ತು? ಬ್ಯಾರೆ ಹುಡುಗ್ಗ ಪುರಾಣ ಕೊಟ್ಟೇವಿ. ಬರ್ರಿ, ಚಾ ಕುಡೀರಿ.’

ಚಹಾ ಕುಡಿಯಲಿಲ್ಲ. ರಸ್ತೆಗೆ ಬಂದು, ಬಸ್ಸು ಬರುವವರೆಗೂ ನಿಂತೇ ಇದ್ದೆ. ವ್ಯವಸ್ಥಾಪಕರು ಸುಳ್ಳು ಹೇಳುತ್ತಿರಬಹುದು, ಗುಳಿಗೆಯ ಹಾಳೆ ಯಾರ ಕೈಗಾದರೂ ಸಿಕ್ಕಿರಬಹುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೋಣೆಗೆ ಹೋಗಿ ಕೇಳಿದಾಗ ಪ್ರಾಧ್ಯಾಪಕಿಯವರು ಅಲ್ಲಗಳೆಯಲಿಲ್ಲ. ಒಂದು ಕ್ಷಣ ತಡವರಿಸಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

‘ಹೂಂ, ನಾನ ಹೇಳಿದೆ. ಪುರಾಣಕ್ಕ ಹೋಗೂ ಹುಡುಗೂರ ಆರೋಗ್ಯ ಹೆಂಗೈತ್ರಿ ಅಂತ ಅವರ ಕೇಳಿದ್ರು. ಸುಳ್ಳ ಹೇಳಲೇನು?’

‘ಗೊತ್ತಿಲ್ಲ ಅನಬಹುದಿತ್ತಲ್ರಿ ಮೇಡಂ. ಹೇಳಂಗಿಲ್ಲ ಅನಬಹುದಿತ್ತು.’

‘ಅವರ ಊಟ ಹಾಕಿ ಸಾಕಾಕತ್ತಾರ. ಅವರಿಗೆ ತಿಳಸೂದು ನಮ್ಮ ಧರ್ಮ. ನಾಳೆ ಆ ಹುಡುಗಗ ಏನರೆ ಆಗಿದ್ರ?’

‘ಆಗಬಾರದಂತನ ಗುಳಿಗಿ ಕೊಟ್ಟೇವಲ್ರಿ. ನಾ ಅವಗ ಮಾತ ಕೊಟ್ಟಿದ್ದೆ.’

‘ಮಾತ ನೀ ಕೊಟ್ಟಿದ್ದಿ’ ಎಂದರು ಅವರು. ದನಿ ಏರಿಸಲಿಲ್ಲ. ‘ಮಠದವರ ಮನಸ ಕೆಟ್ರ ನಿನ್ನ ಕೆಲಸ ಅರ್ಧಕ್ಕ ನಿಲ್ಲತೈತಿ. ನಮ್ಮ ಕಾಲೇಜಿನ ಹುಡುಗ್ಯಾರನ್ನ ಆ ಊರಾಗ ತರಬೇತಿಗೆ ಕಳಸೂದೂ ನಿಲ್ಲತೈತಿ. ನಾ ಎಲ್ಲಾ ನೋಡಬೇಕಾಗತೈತಿ, ತಂಗಿ. ಒಬ್ಬನ್ನ ಹಿಡಕೊಂಡು ಕುಂದರಾಕ ಆಗೂದಿಲ್ಲ.’

ತರಗತಿಯಲ್ಲಿ ನನಗೆ ಪಾಠ ಹೇಳಿದ ಅದೇ ಶಾಂತ ದನಿ. ಎದ್ದು ಹೊರಗೆ ಬಂದೆ. ಯಾರ ಮಾತನ್ನು ನೆಚ್ಚಿ ನಾನು ಈ ಕೆಲಸ ಕಲಿತಿದ್ದೆನೋ ಆ ಮಾತು ಅವರಿಗೇ ಬೇಡವಾಗಿತ್ತು.

ಮರುದಿನ ಬನಹಟ್ಟಿಗೆ ಹೋದೆ. ಓಣಿಯ ತುಂಬ ಪವರ್‌ಲೂಮಿನ ಸದ್ದು. ಪಕ್ಕದಲ್ಲಿದ್ದವರೊಡನೆ ಮಾತಾಡಲೂ ಕೂಗಬೇಕು. ಅವನ ತಂದೆ ಮಗ್ಗ ನಿಲ್ಲಿಸಿ ಬಂದರು, ಬೈಯಲಿಲ್ಲ. ತಾಯಿ ನೀರು ಕೊಟ್ಟು ಒಳಗೆ ಕರೆದರು.

‘ಬಂದ ಮೂರನೇ ದಿನಕ್ಕ ಬಿದ್ದಾನ್ರಿ. ಎಷ್ಟ ವರ್ಷದ ಮ್ಯಾಲೆ ಮತ್ತ ಬಂತು. ಮಗ್ಗದ ಕಡೆ ಬೀಳಲಿಲ್ಲ, ಅದ ದೊಡ್ಡದು. ಗುಳಿಗಿ ತಗೋವಲ್ಲ. ಮುಂದಿಟ್ರ ಮಾರಿ ತಿರುವತಾನ’ ಎಂದರು ತಾಯಿ.

ಅವನು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ತುಟಿ ಕಚ್ಚಿಕೊಂಡ ಗಾಯವಿತ್ತು. ಹಣೆಯಲ್ಲಿ ವಿಭೂತಿ ಇರಲಿಲ್ಲ. ನಾನು ಕೊಟ್ಟ ಗುಳಿಗೆಯ ಹಾಳೆಗಳು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಬಿದ್ದಿದ್ದವು.

‘ನಂಬ್ತೇನಿ ಅಂದ್ರೆಲ್ರಿ’ ಎಂದ. ಮೊದಲ ಮಾತೇ ಅದು.

‘ಅಂದಿದ್ದೆ. ಅವರ ಹೇಳ್ಯಾರ. ನಾ ಹೇಳಿಲ್ಲ. ಆದ್ರ ನಿನಗ ಎರಡೂ ಒಂದ, ಗೊತ್ತೈತಿ.’

‘ಹೂಂ. ಎರಡೂ ಒಂದ.’

‘ಗುಳಿಗಿ ಬಿಟ್ರ ಏನಾಗತೈತಂತ ನಿನಗ ಗೊತ್ತೈತಿ, ತಮ್ಮಾ. ನನಗಿಂತ ಛಲೋ ಗೊತ್ತೈತಿ.’

‘ಗೊತ್ತೈತ್ರಿ. ಎಲ್ಲಾ ಗೊತ್ತೈತಿ. ಯಾತಕ್ಕ ತಗೋಬೇಕು ಅನ್ನೂದ ಗೊತ್ತಾಗವಲ್ದು. ಪೂಜಾನೂ ಬಿಟ್ಟೇನಿ. ಕುಂತ್ರ ಎದ್ದ ಓಡಬೇಕನಸತೈತಿ.’

ಇಷ್ಟು ತಿಂಗಳು ನಾನು ಹುಡುಕುತ್ತಿದ್ದ ನಂಟು ನನ್ನ ಮುಂದೆ ಗೋಡೆಗೆ ಒರಗಿ ಕೂತಿತ್ತು. ಅವನ ತಿಳಿವಳಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಕೇಳಿದ್ದರೆ ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರವನ್ನೇ ಕೊಡುತ್ತಿದ್ದ. ಆ ತಿಳಿವಳಿಕೆಯನ್ನು ಬಾಯಿಯವರೆಗೆ ಒಯ್ಯುವ ಮನಸ್ಸನ್ನು ನಾವು ಮುರಿದಿದ್ದೆವು. ಅದನ್ನು ಬರೆದುಕೊಳ್ಳಬೇಕೆಂದು ನನಗೆ ಅನಿಸಲಿಲ್ಲ. ಹೊರಡುವ ಮುಂಚೆ ತಾಯಿಯ ಕೈಯಿಂದ ವೈದ್ಯರಿಗೆ ಫೋನ್ ಮಾಡಿಸಿ, ಬಿದ್ದಾಗ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಒಯ್ಯಬೇಕು ಎಂದು ವಿವರವಾಗಿ ಕೇಳಿಸಿದೆ. ಅವನು ಎದ್ದು ಬರಲಿಲ್ಲ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಕೆಲಸ ಮುಕ್ಕಾಲು ಮುಗಿದಿತ್ತು. ಸುಮ್ಮನಿದ್ದರೆ ಉಳಿದ ಕೆಲವರನ್ನು ಮಾತಾಡಿಸಿ, ಬರೆದು ಒಪ್ಪಿಸಬಹುದಿತ್ತು. ಆದರೆ ಉಳಿದವರೂ ತಮ್ಮ ತೊಡೆಯ ಗಜಕರ್ಣ, ತಮ್ಮ ಹೆದರಿಕೆ, ತಮ್ಮ ಸಂಶಯಗಳನ್ನು ಅದೇ ಭರವಸೆಯ ಮೇಲೆ ನನಗೆ ಒಪ್ಪಿಸಿದ್ದರು. ಆ ಭರವಸೆ ಮುರಿದಿದೆ ಎಂದು ಅವರಿಗೆ ಹೇಳದೆ ಅವರ ಮಾತುಗಳನ್ನು ಬಳಸಿಕೊಂಡರೆ ನಾನೂ ಪ್ರಾಧ್ಯಾಪಕಿಯವರ ಸಾಲಿನಲ್ಲೇ ನಿಲ್ಲುತ್ತಿದ್ದೆ. ಜಮಖಂಡಿ ಬರುವಷ್ಟರಲ್ಲಿ ತೀರ್ಮಾನಿಸಿದೆ.

ಮಠಕ್ಕೆ ಹೋಗಿ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಕೇಳಿದೆ. ವ್ಯವಸ್ಥಾಪಕರು ಸಂತೋಷದಿಂದಲೇ ಕೂರಿಸಿದರು, ಸಮಾರೋಪವೆಂದು ತಿಳಿದಿರಬೇಕು.

‘ನೀವು ಹೇಳಿದ ಮಾತು ಹೆಸರಿನ ಕೂಡ ಹೊರಗ ಹೋಗೂದಿಲ್ಲಂತ ನಾ ಹೇಳಿದ್ದೆ’ ಎಂದೆ. ‘ನಿಮ್ಮ ಪೈಕಿ ಒಬ್ಬರ ಮಾತು ಹೋಗೇತಿ. ನಮ್ಮ ಕಡಿಂದನ ಹೋಗೇತಿ. ಇನ್ನ ನನ್ನ ಮಾತಿಗೆ ನೀವು ಬೆಲಿ ಕೊಡಬೇಕಂತಿಲ್ಲ. ಯಾರಿಗೆ ತಮ್ಮ ಉತ್ತರ ವಾಪಸ್ ಬೇಕೋ ಹೇಳ್ರಿ, ನಿಮ್ಮ ಮುಂದನ ಹರಿತೇನಿ.’

ವ್ಯವಸ್ಥಾಪಕರು, ‘ಏನ್ ಮಾತಾಡಾಕತ್ತೀರಿ ಬಾಯಾರ?’ ಎಂದು ಮುಂದೆ ಬಂದರು. ಮೊದಲು ಬೀಳಗಿಯವನು ಎದ್ದು ನಿಂತ.

‘ನಂದು ಹರೀರಿ, ಅಕ್ಕಾರ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರ ಹರೀರಿ.’

ಆಮೇಲೆ ಒಬ್ಬರ ಹಿಂದೆ ಒಬ್ಬರು ಎದ್ದರು. ನಾನು ಹರಿಯುತ್ತ ಹೋದೆ. ಕೊನೆಗೆ ನನ್ನ ಬಳಿ ಉಳಿದದ್ದರಲ್ಲಿ ಸಂಶೋಧನೆ ಎನ್ನುವಂಥದ್ದು ಏನೂ ಇರಲಿಲ್ಲ. ಮಠದ ಬಾಗಿಲು ನನಗೆ ಮುಚ್ಚಿತು. ಪ್ರಾಧ್ಯಾಪಕಿಯವರು ಅಂದಿನಿಂದ ನನ್ನನ್ನು ಎದುರಿಗೆ ಕಂಡರೂ ಮಾತಾಡಿಸುವುದನ್ನು ಬಿಟ್ಟರು. ತಾವು ಮಾಡಿದ್ದು ಸರಿ ಎಂದು ಅವರು ಇವತ್ತಿಗೂ ನಂಬಿದ್ದಾರೆ ಎಂದು ಕೇಳಿದ್ದೇನೆ.

ನಾನು ಉತ್ತರಗಳನ್ನು ಹರಿದ ಸುದ್ದಿಯನ್ನು ಬೀಳಗಿಯವನೇ ಬನಹಟ್ಟಿಗೆ ಫೋನ್ ಮಾಡಿ ಹೇಳಿದನಂತೆ. ಕೆಲವು ದಿನಗಳ ಮೇಲೆ ನನಗೊಂದು ಕರೆ ಬಂತು.

‘ನಾ ಅಜ್ಜಾರನ್ನ ಕಾಣಾಕ ಹೊಂಟೇನ್ರಿ. ನೀವೂ ಬರ್ರಿ. ಆದ್ರ ನೀವು ಬಾಯಿ ಬಿಡಬ್ಯಾಡ್ರಿ. ನಂದ ಮಾತು, ನಾನ ಆಡ್ತೇನಿ.’

ಮಠದ ಬಾಗಿಲಲ್ಲಿ ಅವನ ತಂದೆ-ತಾಯಿ ಇದ್ದರು. ತಾಯಿ ನನ್ನ ಕಿವಿಯಲ್ಲಿ, ‘ಅಜ್ಜಾರನ್ನ ಒಂದ ಮಾತ ಕೇಳಬೇಕಂತ ಅಂದಕೊಂಡ ದಿನ ತಾನ ಎದ್ದು ಗುಳಿಗಿ ಬೇಡಿ ತಗೊಂಡಾನ್ರಿ’ ಎಂದರು. ಅವನ ಜೊತೆಗಿದ್ದುದರಿಂದ ನನ್ನನ್ನು ಯಾರೂ ತಡೆಯಲಿಲ್ಲ.

ಸ್ವಾಮಿಗಳು ಗದ್ದುಗೆಯ ಕೋಣೆಯ ಹೊರಗೆ ಕೂತಿದ್ದರು. ವಯಸ್ಸಾದವರು, ಮೆತ್ತಗಿನ ಮಾತಿನವರು. ಅವನು ನಮಸ್ಕಾರ ಮಾಡಿ ನಿಂತ.

‘ನಮ್ಮಪ್ಪ ನನ್ನ ಇಲ್ಲಿ ಬಿಡೂಮುಂದ ನಿಮಗ ಹೇಳಿದ್ದನಂತ, ಅಜ್ಜಾರ. ಮೊನ್ನೆ ಗೊತ್ತಾತು. ನಿಮಗ ಮೊದಲಿಂದ ಗೊತ್ತಿತ್ತೇನ್ರಿ?’

ನನಗೆ ಇದು ಹೊಸದು. ತಂದೆ ತಲೆ ತಗ್ಗಿಸಿದರು. ಮಠದಲ್ಲಿ ಯಾರಿಗೂ ಗೊತ್ತಿಲ್ಲ ಎಂದೇ ಅವರು ಮಗನಿಗೆ ಇಷ್ಟು ವರ್ಷ ಹೇಳಿದ್ದರು.

‘ಗೊತ್ತಿತ್ತಪಾ’ ಎಂದರು ಸ್ವಾಮಿಗಳು.

‘ಗೊತ್ತಿದ್ದ ಪೀಠ ಕೊಟ್ಟಿದ್ರಿ?’

‘ಕೊಟ್ಟಿದ್ದೆ. ನಿನ್ನ ದನಿ ಅಂಥಾದ್ದೈತಿ.’

‘ಮತ್ತ ನನ್ನ ಹಾಸಿಗಿ ಕಟ್ಟಿಸಿ ಕಳಸೂಮುಂದ ಯಾಕ ಸುಮ್ಮನ ಕುಂತ್ರಿ?’

‘ಆಗ ನನಗೊಬ್ಬವಗ ಗೊತ್ತಿತ್ತು. ಈಗ ಎಲ್ಲಾರಿಗೂ ಗೊತ್ತಾತು’ ಎಂದರು. ‘ಮಂದಿ ಬಾಯಿ ನಾ ಹೆಂಗ ಮುಚ್ಚಲಿ? ನೀ ವಾಪಸ್ ಬಾ. ಓದು, ಇರು. ಪೀಠದ ಮಾತ ಮಾತ್ರ ಬ್ಯಾಡ.’

ಅವನು ಸ್ಪಷ್ಟವಾಗಿ ಹೇಳಿದ. ‘ಪೀಠ ಬ್ಯಾಡ್ರಿ, ಅಜ್ಜಾರ. ಊಟದ ಪಂಕ್ತ್ಯಾಗ ಎಲ್ಲಾರ ಮುಂದ ಕುಂತು ಗುಳಿಗಿ ತಗೋತೇನಿ. ಮುಚ್ಚಿಡೂದಿಲ್ಲ. ಅದಕ್ಕ ಒಪ್ಪಿಗಿ ಕೊಡ್ರಿ, ಬರ್ತೇನಿ.’

‘ನೋಡೂಣು’ ಎಂದರು ಅವರು.

ಅವನು ಮತ್ತೊಮ್ಮೆ ನಮಸ್ಕಾರ ಮಾಡಿದ. ಹೊರಗೆ ಬಂದ ಮೇಲೆ ಕಂಬ ಹಿಡಿದುಕೊಂಡು ಅತ್ತ. ನನ್ನ ನಂಬಿಕೆ ಮುರಿದವರು ಒಬ್ಬರು. ಅವನ ಲೆಕ್ಕದಲ್ಲಿ ನಾನಿದ್ದೆ, ಪ್ರಾಧ್ಯಾಪಕಿಯವರಿದ್ದರು, ತಂದೆಯಿದ್ದರು, ಈಗ ಗುರುಗಳೂ ಸೇರಿದ್ದರು. ಸಮಾಧಾನ ಹೇಳುವ ಹಕ್ಕು ಅಲ್ಲಿದ್ದ ಯಾರಿಗೂ ಇರಲಿಲ್ಲ. ತಾಯಿ ಒಬ್ಬರೇ ಹತ್ತಿರ ಹೋಗಿ ನಿಂತರು.

ಮಠದಿಂದ ಅವನಿಗೆ ಕರೆ ಬರಲಿಲ್ಲ. ಅವನ ಓಣಿಯ ನೇಕಾರರು ಸೇರಿ, ಶ್ರಾವಣ ಮುಗಿಯಲು ಕೆಲವು ದಿನ ಉಳಿದಿದ್ದಾಗ, ತಮ್ಮ ಗುಡಿಯ ಮುಂದೆ ಪುರಾಣ ಹೇಳು ಎಂದು ಕೂರಿಸಿದರು. ತಾಯಿ ಫೋನ್ ಮಾಡಿ ಕರೆದರು, ಅವನಲ್ಲ. ಸಂಜೆ ಮಗ್ಗಗಳು ನಿಂತ ಮೇಲೆ ಶುರು. ಒಂದು ಹಲಗೆಯ ಮಂಚ, ಮೇಲೆ ಜಮಖಾನೆ, ಒಂದು ಮೈಕು. ನಾನು ಹೆಂಗಸರ ಹಿಂದಿನ ಸಾಲಿನಲ್ಲಿ ಕೂತೆ.

ಅವನು ಕೂತು, ಮೊದಲು ಜೇಬಿನಿಂದ ಗುಳಿಗೆ ತೆಗೆದು ಎಲ್ಲರೂ ನೋಡುವ ಹಾಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದ.

‘ನನಗ ಫಿಟ್ಸ್ ಬರತಾವ’ ಎಂದ ಮೈಕಿನಲ್ಲಿ. ‘ಇಲ್ಲೇ ಬಿದ್ರ ಹೆದರಬ್ಯಾಡ್ರಿ. ಕೀಲಿ ತರಬ್ಯಾಡ್ರಿ. ಮಗ್ಗಲಾ ಹೊಳ್ಳಿಸಿ, ದೂರ ಸರದ ನಿಲ್ರಿ. ನಾ ಎದ್ದು ಎಲ್ಲಿಗೆ ಬಿಟ್ಟಿದ್ನೋ ಅಲ್ಲಿಂದ ಹೇಳ್ತೇನಿ.’

ಯಾರೋ ನಕ್ಕರು. ಇಬ್ಬರು ಹಿರಿಯರು ಎದ್ದು ಹೋದದ್ದನ್ನೂ ನಾನು ನೋಡಿದೆ. ಉಳಿದವರು ಕೂತರು. ಆಮೇಲೆ ಅವನು ಹಾಡತೊಡಗಿದ. ಸ್ವಾಮಿಗಳು ಹೇಳಿದ್ದು ನಿಜ, ದನಿ ಅಂಥದ್ದೇ ಇತ್ತು.

ಮುಗಿದ ಮೇಲೆ ಜನ ಅವನ ಪಾದ ಮುಟ್ಟಿ ಹೋಗುತ್ತಿದ್ದರು. ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅವನ ಹತ್ತಿರ ನಿಂತು ಏನೋ ಮೆಲ್ಲಗೆ ಕೇಳಿದಳು. ಅವನು ಆಗ ನನ್ನ ಕಡೆ ನೋಡಿದ. ಮಠದ ಬಾಗಿಲಿನ ಆ ದಿನದ ನಂತರ ಮೊದಲ ಸಲ. ನಗಲಿಲ್ಲ, ಕರೆಯಲಿಲ್ಲ. ಆ ಹೆಂಗಸಿಗೆ ಕೈ ತೋರಿಸಿ, ನನಗೂ ಕೇಳುವ ಹಾಗೆ ಹೇಳಿದ:

‘ಅಲ್ಲಿ ಕುಂತಾರ ನೋಡ್ರಿ, ಅವರು ನರ್ಸ್ ಅದಾರ. ಎಲ್ಲಾ ಬರೋಬ್ಬರಿ ತಿಳಿಸಿ ಹೇಳ್ತಾರ. ಕೇಳ್ರಿ ಅವರನ್ನ. ಹೆಸರ ಮಾತ್ರ ಹೇಳಬ್ಯಾಡ್ರಿ.’

ಅವಳು ಬಂದು ನನ್ನ ಪಕ್ಕ ಕೂತಳು. ಮಗಳಿಗೆ ಮದುವೆ ಗೊತ್ತಾಗಿದೆ, ಸಣ್ಣವಳಿದ್ದಾಗಿನಿಂದ ಹೀಗೇ ಆಗುತ್ತದೆ, ಗುಳಿಗೆ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದಳು. ನನಗೆ ತಿಳಿದದ್ದನ್ನೆಲ್ಲ ಹೇಳಿದೆ, ಯಾವ ಆಸ್ಪತ್ರೆಗೆ ಯಾವ ದಿನ ಹೋಗಬೇಕೆಂದು ತಿಳಿಸಿದೆ, ಅವಳ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದೆ. ಹೆಸರು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.